ಬಾಯಿಲೆಕ್ಕವೂ ‘ಸಂಪ್ರದಾಯ’ವೆಂಬ ಹೆಸರೂ

ಮಕ್ಕಳಿಗೆ ಗಣಿತವನ್ನು ಕಲಿಸುವ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಒಂದು ವಾದವು ಪ್ರಬಲವಾಗಿ ಕೇಳಿಬರುತ್ತಿದೆ. ಮಗುವಿಗೆ ಸಂಕಲನ ವ್ಯವಕಲನಗಳ ಒಂದೇ ಒಂದು ಸಿದ್ಧಮಾರ್ಗವನ್ನು ಹೇಳಿಕೊಟ್ಟು ಅದನ್ನೇ ಮರಳಿ ಮರಳಿ ಅಭ್ಯಾಸಮಾಡಿಸುವುದು ಸಲ್ಲದು. ಸಂಖ್ಯೆಗಳನ್ನು ಒಡೆದು, ಜೋಡಿಸಿ, ಸಮೀಪದ ಹತ್ತಕ್ಕೋ ನೂರಕ್ಕೋ ಒಯ್ದು, ಸಂದರ್ಭಕ್ಕೆ ತಕ್ಕ ದಾರಿಯನ್ನು ತಾನೇ ಹುಡುಕಿಕೊಂಡು ಮನಸ್ಸಿನಲ್ಲಿಯೇ ಲೆಕ್ಕಮಾಡುವಂತೆ ಮಗುವನ್ನು ಬೆಳೆಸಬೇಕು ಎಂಬುದು ಆ ವಾದ. ೪೭ಕ್ಕೆ ೩೮ನ್ನು ಕೂಡಿಸಬೇಕಾದಾಗ ‘ಏಳು ಎಂಟು ಹದಿನೈದು, ಐದು ಬರೆದು ದಶಕ ಒಂದು’ ಎಂದು ಬಲದಿಂದ ಎಡಕ್ಕೆ ಸಾಗುವ ಮಗುವಿಗಿಂತ, ೪೦ನ್ನು ಕೂಡಿಸಿ ೨ನ್ನು ಕಳೆದು ೮೫ ಎನ್ನುವ ಮಗುವು ಸಂಖ್ಯೆಯ ಸ್ವರೂಪವನ್ನು ಚೆನ್ನಾಗಿ ಅರಿತಿದೆ ಎನ್ನುವರು. ಈ ಮಾತನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಇದನ್ನು ಮುಂದಿಡುವವರು ತಮ್ಮ ಎದುರುಪಕ್ಷಕ್ಕೆ ‘ಸಾಂಪ್ರದಾಯಿಕ ವಿಧಾನ’ ಎಂಬ ಹೆಸರನ್ನು ಕೊಟ್ಟಿರುವರಷ್ಟೆ. ಆ ಹೆಸರನ್ನು ಮಾತ್ರ ವಿಚಾರಿಸದೆ ಬಿಡಲಾರೆವು.

ಗಣಿತಜ್ಞರಲ್ಲದವರಿಗೆ ಇದರಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಯಾವುದು ಸಂಪ್ರದಾಯ, ಅದು ಎಂದಿನದು, ಯಾರದು ಎಂಬ ಪ್ರಶ್ನೆಯು ಗಣಿತದ್ದಲ್ಲ, ಇತಿಹಾಸದ್ದು. ಇದು ಬರಿಯ ಹೆಸರಿನ ಜಗಳವೂ ಅಲ್ಲ. ಹೆಸರು ತಪ್ಪಿದಲ್ಲಿ ಮದ್ದೂ ತಪ್ಪುವುದು. ಮಗ್ಗಿಯ ಬಾಯಿಪಾಠ, ಕಾಗದದ ಮೇಲಿನ ಸಾಲುಲೆಕ್ಕ, ಪರೀಕ್ಷೆಯ ಅಂಕ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಹಳೆಯದು’ ಎಂದು ಹೊರಗೆ ಹಾಕುವವರು, ತಮಗೆ ಬೇಕಾದ ಬಾಯಿಲೆಕ್ಕದ ಬಂಡವಾಳವನ್ನೇ ಅದರೊಡನೆ ಎಸೆಯುತ್ತಿರುವರು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕನ್ನಡನಾಡಿನ ಊರಶಾಲೆಗಳಲ್ಲಿ ಲೆಕ್ಕವನ್ನು ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ನಮಗೆ ಒಂದು ಅಪೂರ್ವವಾದ ದಾಖಲೆಯುಂಟು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ವಿವರವನ್ನು ತರಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್ ತಿಂಗಳಿನಲ್ಲಿ ಕಳುಹಿಸಿದ ಉತ್ತರವು ಇತರರ ಉತ್ತರಗಳಿಗಿಂತ ಬಹಳ ವಿಸ್ತಾರವಾದದ್ದು. ತೆಲುಗು ವ್ಯಾಕರಣವೊಂದನ್ನು ಬರೆದ ಪಂಡಿತನಾದ್ದರಿಂದ ಪಾಠಶಾಲೆಯ ಒಳಗನ್ನು ನೋಡುವ ಕಣ್ಣು ಅವನಿಗಿತ್ತು. ಜಿಲ್ಲೆಯಲ್ಲಿ ಆಗ ಇದ್ದ ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಹುಡುಗಿಯರು ಕೇವಲ ೬೦ ಮಂದಿ. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುವುದರಿಂದ ಮೊದಲುಮಾಡಿ, ಕೂಡುವ ಕೋಷ್ಟಕವನ್ನು ಬಾಯಿಪಾಠಮಾಡಿ, ನೂರರವರೆಗೆ ಎಣಿಸಿ, ಹಣದ ಸುಲಭವಾದ ಸಂಕಲನ ವ್ಯವಕಲನಗಳಿಗೂ ಅಲ್ಲಿಂದ ಗುಣಾಕಾರಕ್ಕೂ ಅಳತೆಗಳ ಪರಿವರ್ತನೆಗೂ ಸಾಗುತ್ತಿತ್ತೆಂದು ಅವನು ಹೇಳುತ್ತಾನೆ. ಅವನನ್ನು ಆಶ್ಚರ್ಯಗೊಳಿಸಿದ್ದು ಭಿನ್ನರಾಶಿ. ಇಂಗ್ಲೆಂಡಿನವರ ದಶಾಂಶಗಳಂತೆ ಹತ್ತು ಹತ್ತರಿಂದ ಇಳಿಯದೆ ಇವು ನಾಲ್ಕು ನಾಲ್ಕರಿಂದ ಇಳಿಯುವುವು, ಬಹಳ ದೂರದವರೆಗೆ ಇಳಿಯುವುವು, ಇವನ್ನು ಕಲಿಸಲು ಶಾಲೆಗಳಲ್ಲಿ ಅತಿಶಯವಾದ ಶ್ರಮವನ್ನು ವಹಿಸುವರು ಎಂದು ಬರೆದಿರುವನು. ಇವೆಲ್ಲವೂ ಮನಸ್ಸಿನಲ್ಲಿ ಊರುವಂತೆ ಹುಡುಗರನ್ನು ದಿನಕ್ಕೆ ಎರಡಾವರ್ತಿ ಸಾಲಾಗಿ ನಿಲ್ಲಿಸಿ, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಒಕ್ಕೊರಲಿನಿಂದ ಹೇಳಿಸುತ್ತಿದ್ದರು.

ನಾಲ್ಕರಿಂದ ಇಳಿಯುವ ಈ ಭಿನ್ನಗಳು ಯಾವುವೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಒಂದರ ನಾಲ್ಕನೆಯ ಪಾಲು ಕಾಲು. ಕಾಲಿನ ನಾಲ್ಕನೆಯ ಪಾಲು ವೀಸ, ಎಂದರೆ ಹದಿನಾರನೆಯ ಒಂದು. ವೀಸದ ನಾಲ್ಕನೆಯ ಪಾಲು ಕಾಣಿ, ಎಂದರೆ ಅರುವತ್ತನಾಲ್ಕನೆಯ ಒಂದು. ನಡುನಡುವೆ ಅರೆ, ಮುಕ್ಕಾಲು, ಅರೆಕಾಲು, ಅರೆವೀಸಗಳು. ಇಲ್ಲಿ ಭಿನ್ನವೆಂಬುದು ಗೆರೆಯ ಮೇಲೊಂದು ಕೆಳಗೊಂದು ಅಂಕೆಯನ್ನು ಬರೆದು ತೋರಿಸಿದ ಸಂಕೇತವಲ್ಲ. ಅರ್ಧಮಾಡು, ಮತ್ತೆ ಅರ್ಧಮಾಡು ಎಂಬ ಕ್ರಿಯೆಯ ಹೆಸರು. ಕೇಜಿಗೆ ೪೮ ರೂಪಾಯಿನ ಹುರುಳಿಕಾಯಿಯನ್ನು ಮುಕ್ಕಾಲು ಕೇಜಿ ಕೊಳ್ಳುವವರು ‘ಅರ್ಧಕ್ಕೆ ೨೪, ಕಾಲಿಗೆ ೧೨, ಒಟ್ಟು ೩೬’ ಎಂದು ಇಂದಿಗೂ ಹೇಳುವಾಗ, ಮುಕ್ಕಾಲು ಎಂಬ ಪದವೇ ಅವರಿಗೆ ದಾರಿಯನ್ನು ತೋರಿಸುತ್ತದೆ. ಅದೇ ಲೆಕ್ಕವನ್ನು ೭೫೦ ಗ್ರಾಮಿನದೆಂದು ಶಾಲೆಯಲ್ಲಿ ಕೇಳಿದಾಗ ಮಗುವು ೪೮ನ್ನು ೭೫೦ರಿಂದ ಗುಣಿಸಿ ಸಾವಿರದಿಂದ ಭಾಗಿಸಲು ಹೊರಡುವುದು.

ಹಾಗಾದರೆ ಸಾಲಾಗಿ ನಿಂತು ಕೂಗುತ್ತಿದ್ದ ಆ ಹುಡುಗರು ಗಿಳಿಪಾಠವನ್ನು ಒಪ್ಪಿಸುತ್ತಿದ್ದರೇ ಅಥವಾ ಲೆಕ್ಕದ ಸಾಮಗ್ರಿಯನ್ನು ಕೂಡಿಹಾಕಿಕೊಳ್ಳುತ್ತಿದ್ದರೇ? ತಮಿಳುನಾಡಿನ ತಿಣ್ಣೈಶಾಲೆಗಳ ಎಣ್‌ಚುವಡಿ ಮೊದಲಾದ ಕೋಷ್ಟಕಗ್ರಂಥಗಳನ್ನು ಪರಿಶೀಲಿಸಿ ಡಿ. ಸೆಂತಿಲ್ ಬಾಬು ೨೦೨೨ರಲ್ಲಿ ಪ್ರಕಟಿಸಿದ ಗ್ರಂಥವು ಈ ಪ್ರಶ್ನೆಗೆ ತೂಕವುಳ್ಳ ಉತ್ತರವನ್ನು ಕೊಡುವುದು. ಅಲ್ಲಿ ಸ್ಮರಣೆಯು ಅರಿವಿಗೆ ವಿರುದ್ಧವಾದದ್ದಲ್ಲ, ಕಲಿಕೆಯ ಒಂದು ವಿಧಾನವೇ ಆಗಿತ್ತು. ಕೋಷ್ಟಕವು ಅಳೆಯುವ ತೂಗುವ ಕೆಲಸಕ್ಕೆ ಅಂಟಿಕೊಂಡೇ ಬೆಳೆದಿತ್ತು ಎಂಬುದು ಅವರ ಪ್ರತಿಪಾದನೆ. ಬಳ್ಳಾರಿಯ ವಿಷಯಕ್ಕೂ ಇದು ಹೊಂದುವುದೆಂದು ನಮಗೆ ತೋರುತ್ತದೆ. ಆದರೆ ಇದನ್ನು ಅತಿಯಾಗಿ ಎಳೆಯಬಾರದು. ಧರ್ಮಪಾಲರು ೧೯೮೩ರಲ್ಲಿ ಈ ಕಾಗದಪತ್ರಗಳನ್ನು ಪ್ರಕಟಿಸಿದ ಮೇಲೆ ಕ್ಯಾಂಪ್‌ಬೆಲ್ಲನ ಪತ್ರವನ್ನು ಸುವರ್ಣಯುಗದ ಪ್ರಮಾಣಪತ್ರವೆಂಬಂತೆ ಉದಾಹರಿಸುವುದು ವಾಡಿಕೆಯಾಗಿದೆ. ಅವರು ಆ ಪತ್ರವನ್ನು ಪೂರ್ತಿಯಾಗಿ ಓದಿದ್ದರೆ ಒಳ್ಳೆಯದಿತ್ತು! ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಕ್ರಮವನ್ನು ಹೊಗಳಿದ ಲೇಖನಿಯೇ, ಮಕ್ಕಳು ಅರ್ಥವನ್ನರಿಯದ ಪದ್ಯಗಳನ್ನು ಗಿಳಿಗಳಂತೆ ಹೇಳುವರೆಂದೂ ಬರೆದಿದೆ. ಒಂಬತ್ತೂಕಾಲು ಲಕ್ಷಕ್ಕೂ ಮೀರಿದ ಜನಸಂಖ್ಯೆಯಲ್ಲಿ ಶಾಲೆಯನ್ನು ಕಂಡವರು ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಶಾನುಭೋಗಿಕೆಗೂ ಅಂಗಡಿಗೂ ಹೋಗಬೇಕಾದ ಕೆಲವು ಮನೆತನಗಳ ಗಂಡುಮಕ್ಕಳ ವಿದ್ಯೆ ಅದು. ಹೊಲದಲ್ಲಿ ದುಡಿಯುತ್ತಿದ್ದವನ ಮಗಳಿಗೆ ಕಾಣಿ ವೀಸಗಳ ಮಗ್ಗಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಊರಶಾಲೆಯನ್ನು ಬಿಟ್ಟು ಶಾಸ್ತ್ರಗ್ರಂಥಗಳ ಕಡೆಗೆ ತಿರುಗಿದರೆ ಇನ್ನೊಂದು ಸಂಗತಿ ಎದುರಾಗುವುದು. ಎರಡನೆಯ ಭಾಸ್ಕರಾಚಾರ್ಯನು ತನ್ನ ‘ಲೀಲಾವತಿ’ಯನ್ನು ಕ್ರಿ. ಶ. ೧೧೫೦ರ ಸುಮಾರಿನಲ್ಲಿ ಪೂರೈಸಿದನು. (ಅವನ ಊರು ನಮ್ಮ ವಿಜಾಪುರವೋ ಸಹ್ಯಾದ್ರಿಯ ತಪ್ಪಲಿನ ಬೇರೊಂದು ಊರೋ ಎಂಬ ವಿವಾದವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ, ಗುಣಾಕಾರಕ್ಕೆ ಎಲ್ಲಿಯ ಊರಾದರೇನು?) ಅದರಲ್ಲಿ ೧೩೫ನ್ನು ೧೨ರಿಂದ ಗುಣಿಸೆಂದು ಒಂದು ಉದಾಹರಣೆಯುಂಟು. ಆಚಾರ್ಯನು ಅದಕ್ಕೆ ಒಂದೇ ದಾರಿಯನ್ನು ಹೇಳಿ ಕೈಬಿಡಲಿಲ್ಲ. ನೇರವಾಗಿ ಗುಣಿಸಬಹುದು; ೧೨ನ್ನು ೮ ಮತ್ತು ೪ ಎಂದು ಒಡೆದು ೧೦೮೦ಕ್ಕೆ ೫೪೦ನ್ನು ಕೂಡಿಸಬಹುದು; ಮೂರರಿಂದ ಗುಣಿಸಿ ಬಂದ ೪೦೫ನ್ನು ನಾಲ್ಕರಿಂದ ಗುಣಿಸಬಹುದು; ಸ್ಥಾನಗಳನ್ನು ಬೇರ್ಪಡಿಸಿ ಗುಣಿಸಬಹುದು; ಬೇಕಾದ ಒಂದು ಸಂಖ್ಯೆಯನ್ನು ಕಳೆದೋ ಕೂಡಿಸಿಯೋ ೧೦ರಿಂದ ಗುಣಿಸಿ ೨ರ ಪಾಲನ್ನು ಸೇರಿಸಬಹುದು, ಅಥವಾ ೨೦ರಿಂದ ಗುಣಿಸಿ ೨೭೦೦ರಲ್ಲಿ ೮ರ ಪಾಲಾದ ೧೦೮೦ನ್ನು ತೆಗೆಯಬಹುದು. ಎಲ್ಲ ದಾರಿಗಳೂ ೧೬೨೦ಕ್ಕೇ ಬಂದು ಸೇರುವುವು. ಇಂದಿನ ಶಿಕ್ಷಣತಜ್ಞರು ‘ನಮ್ಯವಾದ ಲೆಕ್ಕಾಚಾರ’ ಎಂದು ಕರೆಯುವುದು ಇದನ್ನಲ್ಲದೆ ಮತ್ತೇನನ್ನು? ಅದಕ್ಕೂ ಮುನ್ನೂರು ವರ್ಷ ಹಿಂದೆ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಎಂಬ, ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಸಂಖ್ಯೆ ಬರುವಂಥ ಲೆಕ್ಕಗಳನ್ನು ಕಂಠಾಭರಣಗಳಂತೆ ಕೋದಿರುವನು. ಸಂಖ್ಯೆಯೊಡನೆ ಆಟವಾಡುವ ಮನಸ್ಸು ಅದು. ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ರಚಿಸಿದ ರಾಜಾದಿತ್ಯನ ಗ್ರಂಥದ ಹೆಸರೇ ಅವನ ಕಣ್ಣು ಎತ್ತ ಇತ್ತೆಂಬುದನ್ನು ಹೇಳುವುದು.

ಹೀಗಿರುವಲ್ಲಿ ಮಕ್ಕಳ ನೋಟುಬುಕ್ಕಿನ ಸಾಲುಲೆಕ್ಕವು, ಎಂದರೆ ಅಂಕೆಯ ಕೆಳಗೆ ಅಂಕೆಯನ್ನಿಟ್ಟು ಬಲದಿಂದ ಎಡಕ್ಕೆ ದಶಕವನ್ನು ಒಯ್ಯುತ್ತ, ಮೇಲಿನ ಮನೆಯಿಂದ ಸಾಲವನ್ನು ತರುತ್ತ ಮಾಡುವ ಲೆಕ್ಕವು, ಏಕೈಕ ಮಾರ್ಗವಾಗಿ ನಿಂತದ್ದು ಎಂದು? ಮರಳು ಹಲಗೆಯ ಮೇಲೆ ಲೆಕ್ಕಮಾಡುವವನು ಅಂಕೆಯನ್ನು ಅಳಿಸಿ ಅಳಿಸಿ ಮುಂದೆ ಹೋಗುವನು. ಕೊನೆಗೆ ಉತ್ತರವೊಂದೇ ಉಳಿಯುವುದು. ಕಾಗದದ ಮೇಲೆ ಎಲ್ಲ ಹಂತಗಳೂ ಉಳಿಯುವುವು. ೧೮೫೪ರ ಶಿಕ್ಷಣ ನಿರೂಪದ ತರುವಾಯ ಇಲಾಖೆ, ತನಿಖಾಧಿಕಾರಿ, ಪಠ್ಯಪುಸ್ತಕ, ಪರೀಕ್ಷೆಗಳು ಬಂದುವು. ಮೈಸೂರು ಸಂಸ್ಥಾನದಲ್ಲಿ ಲೂಯಿ ರೈಸ್ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ತಂದನು. ದೂರದ ಅಧಿಕಾರಿಗೆ ನೂರು ಹುಡುಗರ ಲೆಕ್ಕವನ್ನು ಪರೀಕ್ಷಿಸಬೇಕಾದಾಗ ಎಲ್ಲರೂ ಒಂದೇ ಕ್ರಮದಲ್ಲಿ ಬರೆದಿರುವುದೇ ಅನುಕೂಲ. ಸಾಲುಲೆಕ್ಕಕ್ಕೆ ಸಿಂಹಾಸನವನ್ನು ಕೊಟ್ಟದ್ದು ಅದರ ಹಳಮೆಯಲ್ಲ, ತನಿಖೆಗೆ ಅದು ಒಗ್ಗುವಿಕೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಯಾವ ಮನೆತನದ ಮಗುವೇ ಆಗಲಿ, ಅಂಕೆಗಳು ಎಷ್ಟೇ ಉದ್ದವಾಗಿರಲಿ, ಎಚ್ಚರದಿಂದ ನಡೆದರೆ ಗುರಿ ಸೇರುವ ರಸ್ತೆ ಅದು. ತಪ್ಪಿದ ಜಾಗವನ್ನು ಉಪಾಧ್ಯಾಯರು ಬೆರಳಿಟ್ಟು ತೋರಿಸಬಲ್ಲರು. ಕಾಣಿಯ ಮಗ್ಗಿ ಕೆಲವರ ಸೊತ್ತಾಗಿದ್ದಲ್ಲಿ ಇದು ಎಲ್ಲರ ಸೊತ್ತಾಯಿತು. ದೋಷವಿರುವುದು ಸಾವಿರದಿಂದ ೨೬೭ನ್ನು ಕಳೆಯಲಿಕ್ಕೂ ಮೂರು ಸೊನ್ನೆಗಳನ್ನು ದಾಟಿ ಸಾಲ ತರುವಂತೆ ಮಗುವನ್ನು ಕಟ್ಟಿಹಾಕುವುದರಲ್ಲಿ. ಅಂಗಡಿಯವನು ‘ಮೂರಕ್ಕೆ ೨೭೦, ಮೂವತ್ತಕ್ಕೆ ೩೦೦, ಅಲ್ಲಿಂದ ೭೦೦’ ಎಂದು ಮೇಲಕ್ಕೆ ಎಣಿಸಿ ೭೩೩ನ್ನು ಕೈಯಲ್ಲಿಡುವನು.

‘ಸಂಪ್ರದಾಯ’ದ ಗೊಂದಲವು ಮತ್ತೊಂದು ದಿಕ್ಕಿನಲ್ಲಿಯೂ ಕೆಲಸಮಾಡಿದೆ. ಜ್ಞಾನಭಾರತಿಯ ಆವರಣದ ನೆರೆಯಲ್ಲಿರುವ ನಾಗರಬಾವಿಯ ಬಡಾವಣೆಗಳಲ್ಲಿ ಸಂಜೆ ನಡೆದುಹೋದರೆ, ಮನೆಯ ಮಾಳಿಗೆಗಳ ಮೇಲೆ ‘ವೇದಗಣಿತ’ದ ಮತ್ತು ಅಬಾಕಸ್ಸಿನ ತರಗತಿಗಳ ಫಲಕಗಳನ್ನು ಕಾಣಬಹುದು. ಮೊದಲನೆಯದರ ಆಧಾರಗ್ರಂಥವು ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣತೀರ್ಥರದು. ಅವರು ೧೯೬೦ರಲ್ಲಿ ದೇಹವಿಟ್ಟ ಮೇಲೆ ೧೯೬೫ರಲ್ಲಿ ಅಚ್ಚಾಯಿತು. ಅದರ ಹದಿನಾರು ಸೂತ್ರಗಳು ವೇದದ ಯಾವ ಉಪಲಬ್ಧ ಪಾಠದಲ್ಲಿಯೂ ಇಲ್ಲವೆಂಬುದನ್ನು ಕೆ. ಎಸ್. ಶುಕ್ಲ, ಎಸ್. ಜಿ. ದಾನಿ ಮೊದಲಾದ ವಿದ್ವಾಂಸರು ತೋರಿಸಿದ್ದಾರೆ. ಉಪಾಯಗಳು ಚುರುಕಾಗಿವೆ, ನಿಜ. ಆದರೆ ಕಾರಣವನ್ನು ಹೇಳದೆ ಉಪಾಯವನ್ನು ಮಾತ್ರ ಕಲಿಸಿದಲ್ಲಿ ಅದೂ ಇನ್ನೊಂದು ಸಾಲುಲೆಕ್ಕವೇ, ಸ್ವಲ್ಪ ವೇಗವುಳ್ಳದ್ದು, ಅಷ್ಟೆ. ಅಬಾಕಸ್ಸಿಗೂ ಈ ಮಾತು ಸಲ್ಲುವುದು: ಮಣಿಯ ಚಲನೆಯನ್ನು ಮನಸ್ಸಿನಲ್ಲಿ ಓಡಿಸುವ ಅಭ್ಯಾಸವು ಸ್ತುತ್ಯವಾದರೂ, ಯಾವ ಲೆಕ್ಕಕ್ಕೆ ಯಾವ ದಾರಿಯೆಂದು ಆರಿಸುವ ಕೆಲಸವು ಅಲ್ಲಿ ಮಗುವಿಗೆ ಉಳಿಯುವುದಿಲ್ಲ. ವೇಗವನ್ನೇ ಜಾಣತನವೆಂದು ಭಾವಿಸುವ ದೌರ್ಬಲ್ಯ ನಮ್ಮ ಊರಿಗೆ ಸ್ವಲ್ಪ ಹೆಚ್ಚಾಗಿಯೇ ಇದೆ. ೧೯೮೦ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಗುಣಿಸಿದ ಶಕುಂತಲಾದೇವಿಯವರು ಬೆಂಗಳೂರಿನಲ್ಲಿ ಹುಟ್ಟಿದವರಲ್ಲವೆ! ಆದರೆ ಅಂಥ ಅಸಾಧಾರಣ ಪ್ರತಿಭೆಯನ್ನು ಮಾದರಿಯಾಗಿಟ್ಟು ಸಾಮಾನ್ಯ ಮಗುವಿನ ಕೈಗೆ ಗಡಿಯಾರವನ್ನು ಕೊಡುವುದು ನ್ಯಾಯವಲ್ಲ.

ದಾರಿಯನ್ನು ಆರಿಸಿಕೊಳ್ಳುವುದೇ ಮುಖ್ಯವೆಂಬುದಕ್ಕೆ ಆಧುನಿಕ ಸಂಶೋಧನೆಯ ಬೆಂಬಲವುಂಟು. ಇಂಗ್ಲೆಂಡಿನ ಎಡ್ಡಿ ಗ್ರೇ ಮತ್ತು ಡೇವಿಡ್ ಟಾಲ್ ಎಂಬವರು ೧೯೯೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಣಿತದಲ್ಲಿ ಹಿಂದುಳಿದವರೆನಿಸಿಕೊಂಡ ಮಕ್ಕಳು ವಾಸ್ತವವಾಗಿ ಹೆಚ್ಚು ಕಷ್ಟವಾದ ಗಣಿತವನ್ನು ಮಾಡುತ್ತಿರುವರೆಂದು ತೋರಿಸಿದರು. ಮುಂದಿರುವ ಮಗುವು ತನಗೆ ಗೊತ್ತಿರುವ ಒಂದು ಸಂಗತಿಯಿಂದ ಗೊತ್ತಿಲ್ಲದ್ದನ್ನು ಹೊಂದಿಸಿಕೊಳ್ಳುವುದು. ಹಿಂದಿರುವ ಮಗುವು ಪ್ರತಿಯೊಂದನ್ನೂ ಒಂದೊಂದಾಗಿ ಎಣಿಸುತ್ತ ಬಳಲುವುದು. ಇಲ್ಲಿ ಗಮನಿಸಬೇಕಾದದ್ದು: ಹೊಂದಿಸಿಕೊಳ್ಳಲು ಗೊತ್ತಿರುವ ಒಂದು ಸಂಗತಿ ಮೊದಲು ಬೇಕು. ಮಗ್ಗಿಯು ಬೇಡವೆನ್ನುವವರು ಈ ಲೇಖನವನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಲಾರರು.

ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ ಮುಂತಾದುವನ್ನು ಮಾರುವ ಮಕ್ಕಳ ಬಗ್ಗೆ ೧೯೮೫ರಲ್ಲಿ ಪ್ರಕಟವಾದ ಅಧ್ಯಯನವು ಪ್ರಸಿದ್ಧವಾದದ್ದು. ಮೂವತ್ತೈದು ಕ್ರುಜೇರೊಗಳಂತೆ ಹತ್ತು ಕಾಯಿಗೆ ಎಷ್ಟೆಂದು ಕೇಳಿದಾಗ ಒಬ್ಬ ಹುಡುಗನು ಸೊನ್ನೆಯನ್ನು ಸೇರಿಸಲಿಲ್ಲ. ಮೂರಕ್ಕೆ ೧೦೫, ಇನ್ನು ಮೂರು ಸೇರಿದರೆ ೨೧೦, ಆಮೇಲೆ ೩೧೫, ಕೊನೆಗೆ ೩೫೦ ಎಂದು ನಡೆದನು. ಬೀದಿಯಲ್ಲಿ ನೂರಕ್ಕೆ ೯೮ರಷ್ಟು ಸರಿಯುತ್ತರ ಕೊಟ್ಟ ಆ ಮಕ್ಕಳೇ, ಅದೇ ಲೆಕ್ಕಗಳನ್ನು ಬರಿಯ ಅಂಕೆಗಳಾಗಿ ಕೊಟ್ಟಾಗ ೩೭ಕ್ಕೆ ಇಳಿದರು. ಪರೀಕ್ಷೆಗೆ ಒಳಗಾದವರು ಐವರೇ ಆದ್ದರಿಂದ ಇದನ್ನು ಸಂದೇಹಿಸುವವರಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ದುಫ್ಲೊ ಮತ್ತು ಅವರ ಸಂಗಡಿಗರು ಕಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ೧,೪೩೬ ಮಕ್ಕಳನ್ನು ಪರೀಕ್ಷಿಸಿ ೨೦೨೫ರಲ್ಲಿ ಪ್ರಕಟಿಸಿದ ಫಲಿತಾಂಶವು ಆ ಸಂದೇಹವನ್ನು ಬಹುಮಟ್ಟಿಗೆ ಕಳೆದಿದೆ. ಮಾರುವ ಮಕ್ಕಳು ವ್ಯಾಪಾರದ ಜಟಿಲವಾದ ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡಿದರು. ಶಾಲೆಯ ರೂಪದ ಸುಲಭವಾದ ಲೆಕ್ಕದಲ್ಲಿ ಸೋತರು. ಮಾರಾಟದ ಕೆಲಸವಿಲ್ಲದೆ ಶಾಲೆಗೆ ಹೋಗುವ ೪೭೧ ಮಕ್ಕಳದು ಇದಕ್ಕೆ ವಿಪರೀತವಾದ ಸ್ಥಿತಿ. ಎರಡು ವಿದ್ಯೆಗಳು ಒಂದೇ ನಗರದಲ್ಲಿ ಬೆನ್ನಿಗೆ ಬೆನ್ನು ಹಾಕಿ ಕುಳಿತಿವೆ. ಬೀದಿಯ ಮಗುವಿನ ಲೆಕ್ಕಕ್ಕೆ ಶಾಲೆಯಲ್ಲಿ ಬೆಲೆಯಿಲ್ಲ; ಶಾಲೆಯ ಮಗುವಿನ ಲೆಕ್ಕವು ಬೀದಿಯಲ್ಲಿ ನಡೆಯುವುದಿಲ್ಲ.

ನಮ್ಮ ನೆರೆಯಲ್ಲಿಯೂ ಈ ಒಡಕು ಇಲ್ಲದಿಲ್ಲ. ನಾಗರಬಾವಿಯ ಹೊರವರ್ತುಲ ರಸ್ತೆಯ ಬದಿಯಲ್ಲಿ ತಾಯಿಯ ತಳ್ಳುಗಾಡಿಯ ಹತ್ತಿರ ನಿಂತು ಮೂರು ಮೊಳ ಹೂವಿನ ಬೆಲೆಯನ್ನು ಥಟ್ಟನೆ ಹೇಳುವ ಹುಡುಗಿಯೂ, ಅದೇ ರಸ್ತೆಯಲ್ಲಿ ಶುಲ್ಕವನ್ನು ತೆತ್ತು ವೇಗಗಣಿತಕ್ಕೆ ಹೋಗುವ ಹುಡುಗನೂ ಒಂದೇ ವಯಸ್ಸಿನವರಾಗಿರಬಹುದು. ಮೊದಲನೆಯವಳ ವಿದ್ಯೆಗೆ ಹೆಸರಿಲ್ಲ. ಇನ್ನೂ ಒಂದು ಸಂಗತಿಯನ್ನು ಶಿಕ್ಷಣದ ಮಾತನಾಡುವವರು ಸಾಕಷ್ಟು ಲಕ್ಷಿಸಿಲ್ಲ. ೨೦೧೬ರಲ್ಲಿ ಬಂದ ಯುಪಿಐ ಪಾವತಿಯು ಈಗ ತಳ್ಳುಗಾಡಿಗಳವರೆಗೂ ಹಬ್ಬಿರುವುದು. ಗಿರಾಕಿಯು ಮೊಬೈಲನ್ನು ಹಿಡಿಯುವನು, ಯಂತ್ರವು ಇಷ್ಟು ರೂಪಾಯಿ ಬಂತೆಂದು ಕೂಗುವುದು. ಐನೂರರ ನೋಟಿಗೆ ಚಿಲ್ಲರೆಯನ್ನು ಎಣಿಸಿ ಕೊಡುವ ಸಂದರ್ಭವೇ ಕಡಮೆಯಾಗುತ್ತಿದೆ. ಮೇಲಕ್ಕೆ ಎಣಿಸಿ ಕಳೆಯುವ ಆ ವಿಧಾನವನ್ನು ಮಕ್ಕಳು ಕಲಿಯುತ್ತಿದ್ದುದು ಚಿಲ್ಲರೆಯಿಂದ. ೧೯೫೭ರ ಏಪ್ರಿಲ್ ೧ರಂದು ದಶಮಾನ ನಾಣ್ಯವು ಬಂದು, ಹದಿನಾರು ಆಣೆಯ ರೂಪಾಯಿಯು ಹೋದಾಗ ವೀಸದ ಮಗ್ಗಿಯು ಒಂದೆರಡು ತಲೆಮಾರುಗಳಲ್ಲಿ ಮರೆಯಾಯಿತು; ಈಗ ಚಿಲ್ಲರೆಯ ಸರದಿ. ಬಜಾರೆಂಬ ಶಾಲೆಯು ಬಾಗಿಲು ಮುಚ್ಚುವಲ್ಲಿ, ಆ ಪಾಠವನ್ನು ಇನ್ನು ಸರಕಾರಿ ಶಾಲೆಯೇ ಹೇಳಬೇಕು. ಇಲ್ಲವಾದರೆ ಶುಲ್ಕವನ್ನು ತೆರಬಲ್ಲವರಿಗೆ ಮಾತ್ರ ಅದು ಉಳಿಯುವುದು.

ಹೇಳಬೇಕೆಂದು ಮೇಲಿನವರು ಒಪ್ಪಿಯೂ ಇದ್ದಾರೆ. ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಮೊದಲಾದ ನಲಿ-ಕಲಿಯು ಮಗುವು ತನ್ನ ನಡಿಗೆಯಲ್ಲಿ ತಾನು ಕಲಿಯಲು ಎಡೆಮಾಡಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಸಿದ್ಧವಾದ ಗಣಿತಬೋಧನೆಯ ಪತ್ರವು, ಕಲಿಸಿದ ಒಂದೇ ಕ್ರಮದಿಂದ ಬರುವ ಒಂದೇ ಉತ್ತರದ ದಬ್ಬಾಳಿಕೆಯಿಂದ ಶಾಲಾಗಣಿತವನ್ನು ಬಿಡಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಕಾಗದದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಎರಡು ಕಡೆ. ಹೊಸ ವಿಧಾನವನ್ನು ತಂದವರು ‘ಒಡೆಯುವ ತಂತ್ರ’, ‘ಸರಿದೂಗಿಸುವ ತಂತ್ರ’ ಎಂದು ಹೆಸರಿಟ್ಟು, ಒಂದೇ ಲೆಕ್ಕವನ್ನು ನಾಲ್ಕು ತಂತ್ರಗಳಿಂದ ಬಿಡಿಸಿ ತೋರಿಸೆಂದು ಗೃಹಪಾಠ ಕೊಡಲಾರಂಭಿಸಿದ್ದಾರೆ. ಒಂದು ಬೇಡಿಯಿದ್ದಲ್ಲಿ ನಾಲ್ಕಾದುವು. ಭಾಸ್ಕರನು ೧೩೫ಕ್ಕೆ ಹಲವು ದಾರಿಗಳನ್ನು ತೋರಿಸಿದ್ದು ಎಲ್ಲವನ್ನೂ ಬರೆದು ಒಪ್ಪಿಸಲಿ ಎಂದಲ್ಲ. ಮತ್ತೊಂದು ಕಡೆ, ಉತ್ತರಪತ್ರಿಕೆ. ಮಗುವು ೯೮ನ್ನು ೬ರಿಂದ ಗುಣಿಸಲು ‘೬೦೦ ರಲ್ಲಿ ೧೨ ಹೋದರೆ ೫೮೮’ ಎಂದು ಬರೆದಲ್ಲಿ, ಹಂತಗಳಿಲ್ಲವೆಂದು ಅಂಕವನ್ನು ಕಡಿದುಕೊಳ್ಳುವ ಪದ್ಧತಿ ಇನ್ನೂ ಜೀವಂತವಾಗಿದೆ. ಬರೆದದ್ದು ಹಂತವಲ್ಲದೆ ಮತ್ತೇನು?

ಭಾಷೆಯ ಮಾತೂ ಇದೆ. ಇಂಗ್ಲಿಷಿನ ‘ಇಲೆವೆನ್’, ‘ಟ್ವೆಲ್ವ್’ಗಳಲ್ಲಿ ಹತ್ತು ಕಿವಿಗೆ ಬೀಳುವುದಿಲ್ಲ, ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಮೆ ಒಂದೊಂದಾಗಿ ಕಲಿಯಬೇಕು. ನಮ್ಮ ‘ನಲವತ್ತೇಳು’ ತಾನೇ ಬಾಯಿಬಿಟ್ಟು ನಲವತ್ತು ಮತ್ತು ಏಳು ಎನ್ನುವುದು. ‘ಮುಕ್ಕಾಲು’ ಮೂರು ಕಾಲು ಎನ್ನುವುದು. ಸಂಖ್ಯೆಯನ್ನು ಒಡೆಯುವ ಪಾಠವನ್ನು ಪದವೇ ಅರ್ಧ ಕಲಿಸಿರುವಾಗ, ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿಯೂ ಲೆಕ್ಕದ ಹೊತ್ತಿನಲ್ಲಿ ಮನೆಮಾತನ್ನು ತಡೆಯುವುದು ಕೈಯಲ್ಲಿರುವ ಉಪಕರಣವನ್ನು ಬಿಸುಟಂತೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸವೊಂದಿದೆ. ಆಣೆ, ಪಾವು, ಚಟಾಕುಗಳಲ್ಲಿ ಲೆಕ್ಕ ಕಲಿತ ಕೊನೆಯ ತಲೆಮಾರಿನವರು ಈಗ ಎಪ್ಪತ್ತೈದನ್ನು ದಾಟಿದ್ದಾರೆ. ಕೆಂಗೇರಿ, ನಾಗರಬಾವಿ, ಮಲ್ಲತ್ತಹಳ್ಳಿಗಳ ಹಳೆಯ ಮನೆಗಳಲ್ಲಿ ಅಂಥವರು ಇನ್ನೂ ಸಿಕ್ಕುವರು. ಅವರು ಹೇಳುತ್ತಿದ್ದ ಮಗ್ಗಿಗಳನ್ನು ಬರೆದುಕೊಂಡರಷ್ಟೇ ಸಾಲದು. ಒಂದು ಲೆಕ್ಕವನ್ನು ಕೊಟ್ಟು ಹೇಗೆ ಮಾಡಿದಿರೆಂದು ಕೇಳಿ, ಅವರ ಮಾತುಗಳನ್ನೇ ಬರೆದುಕೊಳ್ಳಬೇಕು. ಅದೇ ಲೆಕ್ಕವನ್ನು ಅವರ ಮೊಮ್ಮಕ್ಕಳಿಗೂ ಕೊಟ್ಟು, ಆ ಉತ್ತರವನ್ನು ಎದುರಿನ ಪುಟದಲ್ಲಿ ಬರೆಯಬಹುದು.